ಉಪ್ಪುಗಾಳಿಯಲ್ಲಿ ಪೆಡಲ್‌ಬೋರ್ಡ್

ಗೋಕರ್ಣದ ಕುಡ್ಲೆಯಿಂದ ಗುಡ್ಡ ಹತ್ತಿ ಇಳಿದರೆ ಓಂ ಬೀಚು. ಕಡಲಿಗೆ ಚಾಚಿದ ಕಪ್ಪು ಬಂಡೆಗಳ ಎರಡೂ ಮಗ್ಗುಲಲ್ಲಿ ಮರಳದಂಡೆ ಬಾಗಿ ನಿಂತಿದೆ. ಗುಡ್ಡದ ಮೇಲಿಂದ ನೋಡಿದವರಿಗೆ ಹೆಸರಿನ ಕಾರಣವನ್ನು ಯಾರೂ ಹೇಳಬೇಕಿಲ್ಲ. ಈ ದಂಡೆಗೆ ಗಿಟಾರು ಹೊಸದಲ್ಲ. ಬೆನ್ನುಚೀಲದ ಪ್ರವಾಸಿಗಳ ಜೊತೆ ದಶಕಗಳಿಂದ ಬಂದು ಹೋಗುತ್ತಲೇ ಇದೆ. ಆದರೆ ಅವುಗಳಲ್ಲಿ ಹೆಚ್ಚಿನವು ಅಕೂಸ್ಟಿಕ್ ಗಿಟಾರು, ಕರೆಂಟಿನ ಹಂಗಿಲ್ಲದವು. ಎಲೆಕ್ಟ್ರಿಕ್ ಗಿಟಾರನ್ನು ಇಲ್ಲಿಗೆ ಹೊತ್ತು ತರುವವರ ಪಾಡೇ ಬೇರೆ. ಒಂದು ಹೆಗಲಿಗೆ ಗಿಟಾರು, ಇನ್ನೊಂದು ಕೈಯಲ್ಲಿ ಚಪ್ಪಟೆ ಪೆಟ್ಟಿಗೆ. ತೆರೆದರೆ ಒಳಗೊಂದು ಹಲಗೆ, ಅದರ ಮೇಲೆ ಸಾಲಾಗಿ ಅಂಟಿಸಿದ ಆರೇಳು ಬಣ್ಣದ ಲೋಹದ ಡಬ್ಬಿಗಳು, ಅವುಗಳ ನಡುವೆ ಪ್ಯಾಚ್ ಕೇಬಲ್ ಎಂಬ ಗೇಣುದ್ದದ ವೈರುಗಳು. ಪ್ರತಿ ಡಬ್ಬಿಗೂ ಕಾಲಿನಿಂದ ಒತ್ತುವ ಒಂದು ಸ್ವಿಚ್ಚು. ಇದೇ ಪೆಡಲ್‌ಬೋರ್ಡ್.

ಒಂದೊಂದು ಡಬ್ಬಿಗೂ ಒಂದೊಂದು ಕೆಲಸ. ಓವರ್‌ಡ್ರೈವ್ ಮತ್ತು ಫಜ್ ನಾದವನ್ನು ಒರಟಾಗಿಸುತ್ತವೆ, ಕೋರಸ್ ಅದನ್ನು ಅಲುಗಿಸುತ್ತದೆ, ಡಿಲೇ ಮಾರ್ದನಿ ಕೊಡುತ್ತದೆ, ರಿವರ್ಬ್ ಸಣ್ಣ ಕೋಣೆಯ ಸದ್ದಿಗೆ ದೊಡ್ಡ ಮಂಟಪದ ಗುಂಗು ತರುತ್ತದೆ. ಒಂದು ಪೆಡಲ್ ಇದ್ದವರಿಗೆ ತೊಂದರೆಯಿಲ್ಲ. ಆರು ಸೇರಿದಾಗ ಎಲ್ಲವನ್ನೂ ಆಫ್ ಮಾಡಿ ನುಡಿಸಿದರೂ ಗಿಟಾರಿನ ಮೊದಲಿನ ಹೊಳಪು ಬರುವುದಿಲ್ಲ. ಆಗ ಹೆಚ್ಚಿನವರು ಪೆಡಲ್ ಬದಲಿಸಲು ಹೊರಡುತ್ತಾರೆ, ದುಡ್ಡು ಸುರಿಯುತ್ತಾರೆ. ಆದರೆ ಟೋನ್ ಸೋರಿಹೋಗುವುದು ಬಹುಪಾಲು ಪೆಡಲ್‌ಗಳ ಒಳಗಲ್ಲ, ಅವುಗಳ ನಡುವೆ: ವೈರಿನಲ್ಲಿ, ಬೆಸುಗೆಯಲ್ಲಿ, ಅಡಾಪ್ಟರಿನಲ್ಲಿ. ಕರಾವಳಿಯಲ್ಲಂತೂ ಈ ಮೂರನ್ನೂ ಉಪ್ಪುಗಾಳಿ ದಿನವೂ ಪರೀಕ್ಷೆ ಮಾಡುತ್ತದೆ.

ಪೆಡಲ್‌ಗಳ ಚರಿತ್ರೆ ತೀರ ಹಳೆಯದೇನಲ್ಲ. ಅಮೆರಿಕದಲ್ಲಿ ಮೇಸ್ಟ್ರೋ ಫಜ್-ಟೋನ್ ಬಂದದ್ದು 1962ರಲ್ಲಿ. 1965ರಲ್ಲಿ ರೋಲಿಂಗ್ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್ ‘ಸ್ಯಾಟಿಸ್‌ಫ್ಯಾಕ್ಷನ್’ ಹಾಡಿಗೆ ಅದನ್ನು ಬಳಸಿದ ಮೇಲೆ ಬೇಡಿಕೆ ಏರಿತು. ಜಪಾನಿನ ಬಾಸ್ ಕಂಪನಿಯ ಅಂಗೈಯಗಲದ ಪೆಡಲ್‌ಗಳು 1977ರಿಂದ ಬಂದವು. ಡಬ್ಬಿಗಳು ಹೆಚ್ಚಿದಂತೆ ಅವನ್ನು ಒಂದು ಹಲಗೆಯ ಮೇಲೆ ಜೋಡಿಸುವ ಕಸುಬೂ ಬೆಳೆಯಿತು. ಇಂಗ್ಲೆಂಡಿನ ಪೀಟ್ ಕಾರ್ನಿಶ್ ಎಪ್ಪತ್ತರ ದಶಕದಲ್ಲಿ ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮೋರ್ ಅವರಿಗೆ ಕಟ್ಟಿಕೊಟ್ಟ ಬೋರ್ಡುಗಳನ್ನು ಈ ಕಸುಬಿನವರು ಇಂದಿಗೂ ನೆನೆಯುತ್ತಾರೆ.

ನಮ್ಮಲ್ಲಿ ಎಲೆಕ್ಟ್ರಿಕ್ ಗಿಟಾರಿನ ತವರು ಬೆಂಗಳೂರು. ಥರ್ಮಲ್ ಆ್ಯಂಡ್ ಎ ಕ್ವಾರ್ಟರ್ 1996ರಲ್ಲಿ, ಕ್ರಿಪ್ಟಾಸ್ 1998ರಲ್ಲಿ ಅಲ್ಲೇ ಹುಟ್ಟಿದ ತಂಡಗಳು. ಅರಮನೆ ಮೈದಾನಕ್ಕೆ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬಂದವು. ರಘು ದೀಕ್ಷಿತ್ ಪ್ರಾಜೆಕ್ಟ್ ಮತ್ತು ಸ್ವರಾತ್ಮ ಕನ್ನಡ ಹಾಡಿಗೂ ಎಲೆಕ್ಟ್ರಿಕ್ ಗಿಟಾರಿಗೂ ನಂಟು ಬೆಸೆದವು. ಮುಂಬೈಯ ಅನಿಮಲ್ ಫ್ಯಾಕ್ಟರಿ ಆಂಪ್ಲಿಫಿಕೇಶನ್ ಭಾರತದಲ್ಲೇ ಪೆಡಲ್ ತಯಾರಿಸುತ್ತಿದೆ. ಜ್ಯಾಕು, ಕೆಪಾಸಿಟರ್, ಬೆಸುಗೆ ಸೀಸ ಬೇಕಾದವರಿಗೆ ಬೆಂಗಳೂರಿನ ಎಸ್.ಪಿ. ರೋಡಿದೆ. ಅಲ್ಲಿ ಕೊಂಡದ್ದು ಘಟ್ಟ ಇಳಿದು ಕಡಲ ಅಂಚಿಗೆ ಬಂದಾಗ ಏನಾಗುತ್ತದೆ ಎಂಬುದು ಮುಂದಿನ ಮಾತು. ಮೊದಲು ವೈರು.

ಎಲೆಕ್ಟ್ರಿಕ್ ಗಿಟಾರಿನ ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಏಳೆಂಟು ಸಾವಿರ ಸುತ್ತು ಸುತ್ತಿದ, ಸುಮಾರು 0.06 ಮಿ.ಮೀ. ದಪ್ಪದ ತಾಮ್ರದ ತಂತಿ. ಅದು ಹುಟ್ಟಿಸುವ ವಿದ್ಯುತ್ ಅತಿ ಕ್ಷೀಣ. ಇತ್ತ ಗಿಟಾರಿನ ವೈರಿನಲ್ಲಿ ನಡುವಿನ ತಂತಿ, ಅದರ ಸುತ್ತ ಹೆಣೆದ ಕವಚ, ಎರಡರ ಮಧ್ಯೆ ಪ್ಲಾಸ್ಟಿಕ್. ಅಂದರೆ ಇಡೀ ವೈರೇ ಒಂದು ಉದ್ದನೆಯ ಕೆಪಾಸಿಟರ್. ಸಾಮಾನ್ಯವಾಗಿ ಮೀಟರಿಗೆ 100 ಪಿಕೊಫ್ಯಾರಡ್‌ನ ಆಸುಪಾಸು. ಪಿಕಪ್ಪಿನ ಸುರುಳಿಯೂ ವೈರಿನ ಕೆಪಾಸಿಟರೂ ಸೇರಿ ಒಂದು ನಿರ್ದಿಷ್ಟ ಸ್ಥಾಯಿಯಲ್ಲಿ ನಾದವನ್ನು ಎತ್ತಿ ಹಿಡಿಯುತ್ತವೆ, ಅದಕ್ಕಿಂತ ಮೇಲಿನದನ್ನು ಕತ್ತರಿಸುತ್ತವೆ. ಗಿಟಾರಿನ ಮಿಂಚು ಇರುವುದು ಆ ಎತ್ತುವ ಜಾಗದಲ್ಲಿ.

ಲೆಕ್ಕ ಹಾಕಿ ನೋಡಬಹುದು. 3 ಹೆನ್ರಿಯ ಒಂದು ಪಿಕಪ್, ಅದರದೇ ಕೆಪಾಸಿಟೆನ್ಸ್ 100 ಪಿಕೊಫ್ಯಾರಡ್ ಎಂದಿಟ್ಟುಕೊಳ್ಳಿ. 3 ಮೀಟರ್ ವೈರು ಹಾಕಿದರೆ ಮಿಂಚಿನ ಜಾಗ ಸುಮಾರು 4,600 ಹರ್ಟ್ಸ್. 6 ಮೀಟರಿಗೆ 3,500. 12 ಮೀಟರಿಗೆ 2,500. ಗಿಟಾರಿನಿಂದ ಬೋರ್ಡಿಗೆ 6 ಮೀಟರ್, ಬೋರ್ಡಿನಿಂದ ಆಂಪ್ಲಿಫೈಯರಿಗೆ, ಅಂದರೆ ಆಂಪಿಗೆ, ಇನ್ನೊಂದು 6 ಮೀಟರ್ ವೈರನ್ನು ಯಾರು ತಾನೇ ಹಾಕುವುದಿಲ್ಲ? ಅಷ್ಟರಲ್ಲೇ ನಾದದ ಹೊಳಪು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದುಬಂದಿರುತ್ತದೆ. ಸದ್ದು ಕಡಿಮೆಯಾಗುವುದಿಲ್ಲ, ಮಬ್ಬಾಗುತ್ತದೆ. ಅದಕ್ಕೇ ಇದು ಬೇಗ ಗೊತ್ತಾಗುವುದಿಲ್ಲ.

ಆಫ್ ಮಾಡಿದರೆ ಪೆಡಲ್ ಬರೀ ವೈರಾಗಿಬಿಡುವ ವ್ಯವಸ್ಥೆಗೆ ಟ್ರೂ ಬೈಪಾಸ್ ಎನ್ನುತ್ತಾರೆ. ಪೆಟ್ಟಿಗೆಯ ಮೇಲೆ ಆ ಎರಡು ಪದ ಇದ್ದರೆ ಟೋನ್ ಉಳಿಯುತ್ತದೆಂದು ನಂಬಿದವರು ಬಹಳ. ಎಂಟು ಪೆಡಲ್ ಹೀಗೆ ಬರೀ ವೈರಾದರೆ ಪಿಕಪ್ ಆ ಇಡೀ ಉದ್ದವನ್ನು ಒಂದೇ ಉಸಿರಿನಲ್ಲಿ ಎಳೆಯಬೇಕು. ಇದಕ್ಕೆ ಮದ್ದು ಬಫರ್. ಬಾಸ್ ಪೆಡಲ್‌ಗಳಲ್ಲಿ, ಐಬನೆಜ್ ಟ್ಯೂಬ್ ಸ್ಕ್ರೀಮರ್‌ನಲ್ಲಿ ಅದು ಒಳಗೇ ಇರುತ್ತದೆ, ಪೆಡಲ್ ಆಫ್ ಆಗಿದ್ದರೂ ಕೆಲಸ ಮಾಡುತ್ತಿರುತ್ತದೆ. ಉತ್ತರ ಕನ್ನಡದಲ್ಲಿ ಗುಡ್ಡದ ಅಬ್ಬಿಯಿಂದ ತೋಟಕ್ಕೆ ಪೈಪು ಎಳೆದವರಿಗೆ ಈ ತತ್ವ ಬಾಯಿಪಾಠ: ಸಣ್ಣ ಝರಿ ಉದ್ದ ಪೈಪನ್ನು ತುಂಬಲಾರದು, ಹತ್ತಿರದಲ್ಲೇ ತೊಟ್ಟಿ ಕಟ್ಟಿ, ಅಲ್ಲಿಂದ ಪಂಪು ಇಟ್ಟರೆ ನೀರು ಎಲ್ಲಿಗೂ ತಲುಪುತ್ತದೆ. ಒಳ್ಳೆಯ ಬಫರ್ ಗಿಟಾರಿನ ಕಡೆಗೆ 10 ಲಕ್ಷ ಓಮ್‌ನಷ್ಟು ತಡೆ ತೋರಿಸುತ್ತದೆ, ಹಾಗಾಗಿ ಪಿಕಪ್ಪಿನಿಂದ ಹೆಚ್ಚುಕಡಿಮೆ ಏನನ್ನೂ ಎಳೆದುಕೊಳ್ಳುವುದಿಲ್ಲ. ಮುಂದಿನ ಕಡೆಗೆ ಸಾವಿರ ಓಮ್ ಅಥವಾ ಇನ್ನೂ ಕಡಿಮೆ. ಅಷ್ಟು ಬಲ ಹಿಂದಿದ್ದರೆ 6 ಮೀಟರ್ ವೈರು ಮನುಷ್ಯನ ಕಿವಿಗೆ ಕೇಳುವ ಯಾವ ಸ್ವರವನ್ನೂ ಮುಟ್ಟಲಾರದು.

ಪೀಟ್ ಕಾರ್ನಿಶ್ ಬಫರಿನ ಕಟ್ಟಾ ಪಕ್ಷಪಾತಿ. ಎದುರು ಪಕ್ಷದವರೂ ಸುಮ್ಮನೆ ಹಟ ಹಿಡಿದವರಲ್ಲ. ಅಗ್ಗದ ಬಫರ್ ಏಳೆಂಟು ಸಾಲಾಗಿ ಬಂದರೆ ಪ್ರತಿಯೊಂದೂ ಚೂರು ಗೊರಗೊರ ಸೇರಿಸುತ್ತದೆ. ನನ್ನ ಅಭಿಪ್ರಾಯದಲ್ಲಿ ಸಾಲಿನ ಆರಂಭದ ಹತ್ತಿರ ಒಂದು ಒಳ್ಳೆಯ ಬಫರ್, ಬೋರ್ಡಿನಿಂದ ಆಂಪಿಗೆ ವೈರು ಉದ್ದವಿದ್ದರೆ ಕೊನೆಯಲ್ಲಿ ಇನ್ನೊಂದು, ನಡುವಿನವು ಟ್ರೂ ಬೈಪಾಸ್. ಇದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದದ್ದು ಒಂದೇ ಸಂದರ್ಭದಲ್ಲಿ, ಅದು ಫಜ್.

1966ರಲ್ಲಿ ಇಂಗ್ಲೆಂಡಿನಲ್ಲಿ ಬಂದು ಜಿಮಿ ಹೆಂಡ್ರಿಕ್ಸ್ ಕಾಲಡಿಯಲ್ಲಿ ಮೆರೆದ ದುಂಡನೆಯ ಫಜ್ ಫೇಸ್‌ನಲ್ಲಿ ಇರುವುದು ಎರಡೇ ಟ್ರಾನ್ಸಿಸ್ಟರ್. ಅದು ಪಿಕಪ್ಪಿನ ಮೇಲೆ ಭಾರ ಹಾಕುತ್ತದೆ. ಪಿಕಪ್ಪೂ ಫಜ್ಜೂ ನೇರವಾಗಿ ಕೂಡಿಕೊಂಡರೆ ಮಾತ್ರ ಆ ದಪ್ಪ, ಬೆಚ್ಚನೆಯ ಸದ್ದು. ಗಿಟಾರಿನ ವಾಲ್ಯೂಮ್ ಗುಂಡಿಯನ್ನು ಸ್ವಲ್ಪ ಇಳಿಸಿದರೆ ಒರಟೆಲ್ಲ ಕರಗಿ ತಿಳಿಯಾದ ನಾದ ಬರುತ್ತದೆ. ಮಧ್ಯೆ ಬಫರ್ ಬಂತೋ, ಈ ಒಡನಾಟ ಮುರಿಯಿತು: ಸದ್ದು ಕರ್ಕಶವಾಗುತ್ತದೆ, ವಾಲ್ಯೂಮ್ ಗುಂಡಿ ಮಾತು ಕೇಳುವುದಿಲ್ಲ. ಆದ್ದರಿಂದ ಫಜ್ ಎಲ್ಲಕ್ಕಿಂತ ಮೊದಲು, ಬಫರ್ ಅದರ ನಂತರ. ಶ್ರುತಿ ನೋಡುವ ಟ್ಯೂನರನ್ನು ಅಭ್ಯಾಸಬಲದಿಂದ ಮೊದಲಿಗೆ ಇಡುವವರು ಅದರಲ್ಲಿ ಬಫರ್ ಇದೆಯೇ ಎಂದು ನೋಡಿಕೊಳ್ಳಬೇಕು. ಬಾಸ್ ಟಿಯು-3ರಲ್ಲಿ ಇದೆ. ಉಳಿದ ಕ್ರಮ ಸುಲಭ: ಒರಟು ಮಾಡುವವು ಮುಂದೆ, ಅಲುಗಿಸುವವು ನಡುವೆ, ಡಿಲೇ ಮತ್ತು ರಿವರ್ಬ್ ಕೊನೆಗೆ. ಬೇಕೆಂದರೆ ಮುರಿಯಬಹುದು, ಕಿವಿ ಒಪ್ಪಬೇಕು ಅಷ್ಟೆ.

ಇನ್ನು ಕರೆಂಟು. ದಂಡೆಯ ಶ್ಯಾಕುಗಳಲ್ಲಿ ಸಿಗುವ ಪ್ಲಗ್ಗಿಗೆ ಫ್ರಿಜ್ಜು, ಮಿಕ್ಸಿ, ಫ್ಯಾನು, ಮಿಣಿಮಿಣಿ ದೀಪದ ಸರ ಎಲ್ಲವೂ ಪಾಲುದಾರರು. ಕರೆಂಟು ಹೋದರೆ ಇನ್ವರ್ಟರ್ ಅಥವಾ ಜನರೇಟರ್. ಅಗ್ಗದ ಇನ್ವರ್ಟರಿನ ಚೌಕಾಕಾರದ ಅಲೆ ಪೆಡಲ್‌ಗಳ ಮೂಲಕ ಆಂಪಿನಲ್ಲಿ ಜೀರುಂಡೆ ಕೂಗಿಸುತ್ತದೆ. ಒಂದೇ ಅಡಾಪ್ಟರಿನಿಂದ ಎಲ್ಲ ಪೆಡಲ್‌ಗಳಿಗೆ ಸರಪಳಿ ವೈರು ಹಾಕುವುದು ಅಗ್ಗ. ಅದರಲ್ಲಿ ಡಿಜಿಟಲ್ ಡಿಲೇಯ ಒಳಗಿನ ಚಿಪ್ಪಿನ ಕೀರಲು ಓವರ್‌ಡ್ರೈವಿಗೆ ನುಸುಳುತ್ತದೆ, ಓವರ್‌ಡ್ರೈವ್ ಅದನ್ನು ಎಷ್ಟೋ ಪಟ್ಟು ಹಿಗ್ಗಿಸಿ ಕೊಡುತ್ತದೆ. ಪ್ರತಿ ಪೆಡಲಿಗೂ ಬೇರ್ಪಟ್ಟ ಔಟ್‌ಪುಟ್ ಇರುವ ಪವರ್ ಸಪ್ಲೈ ದುಬಾರಿ ನಿಜ. ಆದರೂ ಹೊಸ ಪೆಡಲಿಗೆ ಕೂಡಿಟ್ಟ ಹಣವನ್ನು ಮೊದಲು ಇದಕ್ಕೆ ಹಾಕಿ ಎಂದೇ ಹೇಳುತ್ತೇನೆ. ಓವರ್‌ಡ್ರೈವ್ 10 ಮಿಲಿ ಆಂಪಿಯರ್ ಒಳಗೇ ಮುಗಿಸುತ್ತದೆ, ದೊಡ್ಡ ಡಿಜಿಟಲ್ ಪೆಡಲ್ 300 ಕೇಳುತ್ತದೆ. ಎಲ್ಲವನ್ನೂ ಕೂಡಿಸಿ, ಮೇಲೆ ಸ್ವಲ್ಪ ಬಿಟ್ಟು ಕೊಳ್ಳಬೇಕು. ಹೆಚ್ಚಿನ ಪೆಡಲ್‌ಗಳಿಗೆ 9 ವೋಲ್ಟ್, ಪಿನ್ನಿನ ನಡುಭಾಗ ನೆಗೆಟಿವ್. ಮನೆಯಲ್ಲಿ ಬಿದ್ದಿರುವ ಇತರ ಅಡಾಪ್ಟರುಗಳಲ್ಲಿ ನಡುಭಾಗ ಪಾಸಿಟಿವ್ ಇರುವುದೇ ಹೆಚ್ಚು. ತಪ್ಪಿ ಚುಚ್ಚಿದರೆ ಪೆಡಲ್ ಸುಟ್ಟೀತು.

ಅರ್ಥಿಂಗ್ ವಿಷಯದಲ್ಲಿ ದಾಕ್ಷಿಣ್ಯ ಬೇಡ. ಗಿಟಾರಿನ ತಂತಿಗಳು ಆಂಪಿನ ಅರ್ಥಿಗೆ ಕೂಡಿಕೊಂಡಿರುತ್ತವೆ. ಆಂಪಿಗೆ ಅರ್ಥ್ ಇಲ್ಲದೆ, ಮೈಕಿಗೆ ಬೇರೆ ಲೈನಿನಿಂದ ಕರೆಂಟು ಬಂದಿದ್ದರೆ, ತಂತಿ ಹಿಡಿದು ಮೈಕಿಗೆ ತುಟಿ ತಾಗಿಸಿದವರ ಮೈಯೊಳಗೇ ಕರೆಂಟು ಹರಿಯಬಹುದು. ಬರಿಗಾಲು, ಒದ್ದೆ ಮರಳು, ಬೆವರು ಸೇರಿದರೆ ಅಪಾಯ ಇನ್ನೂ ಹೆಚ್ಚು. ಗುಂಯ್ ಸದ್ದು ನಿಲ್ಲಿಸಲು ಮೂರನೇ ಪಿನ್ನು ಮುರಿಯುವ ಅಭ್ಯಾಸವಿದೆಯಲ್ಲ, ಅದು ಪ್ರಾಣಕ್ಕೆ ಎರವು. ಬೋರ್ಡು, ಆಂಪು, ಮೈಕ್ ಸೆಟ್ಟು ಎಲ್ಲವನ್ನೂ ಅರ್ಥ್ ಇರುವ ಒಂದೇ ಪ್ಲಗ್ಗಿನಿಂದ ತೆಗೆದುಕೊಂಡರೆ ಸುರಕ್ಷತೆಯೂ ಆಯಿತು, ಸುತ್ತುಬಳಸಿ ಬರುವ ಗುಂಯ್ ಸದ್ದೂ ತಗ್ಗಿತು. ಕುಮಟಾ, ಹೊನ್ನಾವರದ ಕಡೆ ರಾತ್ರಿಯಿಡೀ ಯಕ್ಷಗಾನಕ್ಕೆ ಮೈಕು, ದೀಪ ಕಟ್ಟುವ ಸೌಂಡ್ಸ್‌ನವರಿದ್ದಾರೆ. ಬಯಲಿನಲ್ಲಿ ಕರೆಂಟು ಪಳಗಿಸುವುದು ಅವರ ನಿತ್ಯದ ಕೆಲಸ. ನಗರದಿಂದ ಬಂದ ಗಿಟಾರು ವಾದಕರು ಪ್ಲಗ್ಗು ಚುಚ್ಚುವ ಮೊದಲು ಅಂಥವರನ್ನು ಒಂದು ಮಾತು ಕೇಳುವುದು ಒಳ್ಳೆಯದು.

ಉಪ್ಪುಗಾಳಿ ಮೊದಲು ಕೈ ಹಾಕುವುದು ಜ್ಯಾಕಿಗೆ. ಕಡಲ ಬದಿಯಲ್ಲಿ ಒಂದು ಋತು ಕಳೆದ ಪ್ಯಾಚ್ ಕೇಬಲಿನ ಮುಚ್ಚಳ ತಿರುಗಿಸಿ ನೋಡಿ. ತಾಮ್ರದ ಎಳೆಗಳ ಮೇಲೆ ಹಸಿರು ಕಿಲುಬು, ಸ್ಕ್ರೂ ಇದ್ದರೆ ಅದರ ತಲೆಯಲ್ಲಿ ತುಕ್ಕಿನ ಪುಡಿ. ಬೆಸುಗೆಯಿಲ್ಲದೆ ಸ್ಕ್ರೂ ಬಿಗಿದು ಕೂರಿಸುವ ಜ್ಯಾಕುಗಳು ಕತ್ತರಿಸಿ ಜೋಡಿಸಲು ಬಲು ಸುಲಭ, ಆದರೆ ಬಸ್ಸಿನ ಕುಲುಕಾಟಕ್ಕೆ ಸಡಿಲಾಗುತ್ತವೆ, ಸಡಿಲಾದ ಸಂದಿಗೆ ತೇವ ಇಳಿಯುತ್ತದೆ. ಇಲ್ಲಿಗೆ ಬೆಸುಗೆಯೇ ಸರಿ. ಅದನ್ನು ಮಾಡುವ ಕ್ರಮವೂ ಇದೆ. ಮೊದಲು ವೈರಿನ ತುದಿಗೂ ಜ್ಯಾಕಿನ ಕಿವಿಗೂ ಬೇರೆ ಬೇರೆಯಾಗಿ ತೆಳುವಾಗಿ ಸೀಸ ಹಿಡಿಸಬೇಕು. ಆಮೇಲೆ ಎರಡನ್ನೂ ತಾಗಿಸಿ, ಕಾವನ್ನು ಸೀಸಕ್ಕಲ್ಲ, ಲೋಹಕ್ಕೆ ಕೊಡಬೇಕು. ಲೋಹ ಕಾದಾಗ ಸೀಸ ತಾನಾಗಿ ಹರಿದು ಕೂರುತ್ತದೆ. ಆರುವ ತನಕ ವೈರು ಅಲುಗಬಾರದು. ಅಲುಗಿದರೆ ಬೆಸುಗೆಯ ಮೈ ಬೂದಿಬಣ್ಣಕ್ಕೆ ತಿರುಗುತ್ತದೆ. ಅದು ಒಳಗೆ ಬಿರುಕು ಬಿಟ್ಟ ಬೆಸುಗೆ, ಕಚೇರಿಯ ನಡುವೆ ಕೈಕೊಡುವುದು ಅದೇ. ಆಮೇಲೆ ಹೊದಿಕೆ ಕೊಳವೆ ಎಳೆದು ಬಿಸಿಮಾಡಿ ಬಿಗಿ ಮಾಡಿದರೆ ತೇವಕ್ಕೆ ದಾರಿಯಿಲ್ಲ.

ಹಲಗೆಗೆ ಸ್ಥಳೀಯ ಬಡಗಿ ಸಾಕು. ನೀರು ತಡೆಯುವ ಮರೈನ್ ಪ್ಲೈವುಡ್, ಅಡಿಯಲ್ಲಿ ವೈರು ಹೋಗಲು ಸಂದಿ ಬಿಟ್ಟು ಎರಡು ಮೂರು ಪಟ್ಟಿ, ಹಿಂಬದಿ ತುಸು ಎತ್ತರ. ಅಂಟಿನ ವೆಲ್ಕ್ರೋ ಸೆಕೆಗೆ ಬಿಟ್ಟುಕೊಳ್ಳುತ್ತದೆ. ಅಂಚಿಗೆ ಎರಡು ಸಣ್ಣ ಸ್ಟೀಲ್ ಸ್ಕ್ರೂ ಹೊಡೆಸಿದರೆ ನಿಶ್ಚಿಂತೆ. ಪೆಡಲ್‌ಗಳನ್ನು ಹತ್ತಿರ ಕೂರಿಸಿ ಪ್ಯಾಚ್ ಕೇಬಲನ್ನು ಅಳತೆಗೆ ಕತ್ತರಿಸಿಕೊಳ್ಳಬೇಕು, ಉಳಿದದ್ದನ್ನು ಸುತ್ತಿ ತುರುಕಬಾರದು.

ಬೋರ್ಡು ಮುಗಿದ ಮೇಲೆ ಗಿಟಾರನ್ನು 3 ಮೀಟರ್ ವೈರಿನಲ್ಲಿ ನೇರ ಆಂಪಿಗೆ ಹಾಕಿ ಒಂದು ಕಾರ್ಡ್ ಮೀಟಿ. ಆಂಪಿನ ಗುಂಡಿಗಳನ್ನು ಮುಟ್ಟದೆ, ಎಲ್ಲ ಪೆಡಲ್ ಆಫ್ ಮಾಡಿದ ಬೋರ್ಡಿನ ಮೂಲಕ ಅದೇ ಕಾರ್ಡ್. ಮಬ್ಬು ಕೇಳಿದರೆ ಸಾಲನ್ನು ಅರ್ಧಕ್ಕೆ ಕಡಿದು, ಮೊದಲರ್ಧವೋ ಎರಡನೇ ಅರ್ಧವೋ ಎಂದು ಕಂಡುಕೊಳ್ಳಿ, ಮತ್ತೆ ಅರ್ಧ ಮಾಡಿ. ಎಂಟು ಪೆಡಲ್‌ಗಳಲ್ಲಿ ಕಳ್ಳನೊಬ್ಬನೇ ಇದ್ದರೆ ಮೂರು ಸಲಕ್ಕೆ ಸಿಕ್ಕುತ್ತಾನೆ. ಈ ಪರೀಕ್ಷೆಯನ್ನು ಸಣ್ಣ ಸದ್ದಿನಲ್ಲೂ ಮಾಡಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗೆ ಧ್ವನಿವರ್ಧಕ ಕೂಡದು ಎನ್ನುತ್ತವೆ 2000ದ ಶಬ್ದಮಾಲಿನ್ಯ ನಿಯಮಗಳು. ಅದಕ್ಕೆ ಮೊದಲೂ ದಂಡೆಯಲ್ಲಿ ಸಣ್ಣ ಆಂಪೇ ಮರ್ಯಾದೆ. ಸದ್ದು ತಗ್ಗಿದಾಗ ನಮ್ಮ ಕಿವಿಗೆ ಮೇಲಿನ ಮತ್ತು ಕೆಳಗಿನ ಸ್ವರಗಳು ಇನ್ನಷ್ಟು ಕಡಿಮೆ ಕೇಳುತ್ತವೆ. ಜೋರಾಗಿ ನುಡಿಸುವಾಗ ಮುಚ್ಚಿಹೋಗುವ ಮಬ್ಬು ಇಲ್ಲಿ ಬಯಲಿಗೆ ಬೀಳುತ್ತದೆ.

ಜೂನ್‌ನಲ್ಲಿ ಮಳೆ ಹಿಡಿದರೆ ದಂಡೆಯ ಸಂಗೀತಕ್ಕೆ ರಜೆ. ಬೋರ್ಡನ್ನು ಒಳಗಿಡುವ ಮೊದಲು ಜ್ಯಾಕುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಬೇಕು. ಪೆಡಲ್‌ನಲ್ಲಿ 9 ವೋಲ್ಟ್ ಬ್ಯಾಟರಿ ಇದ್ದರೆ ತೆಗೆದಿಡಬೇಕು. ಹೆಚ್ಚಿನ ಪೆಡಲ್‌ಗಳಲ್ಲಿ ಬ್ಯಾಟರಿಯ ಸ್ವಿಚ್ಚು ಎಂದರೆ ಇನ್‌ಪುಟ್ ಜ್ಯಾಕೇ. ಪ್ಯಾಚ್ ಕೇಬಲ್ ಚುಚ್ಚಿಕೊಂಡಿರುವಷ್ಟು ಕಾಲ, ಪೆಡಲ್ ಆಫ್ ಇದ್ದರೂ, ಬ್ಯಾಟರಿ ಖಾಲಿಯಾಗುತ್ತಾ ಹೋಗಿ ಕೊನೆಗೆ ಸೋರುತ್ತದೆ. ಸೋರಿದ ರಸ ಸರ್ಕ್ಯೂಟಿನ ತಾಮ್ರದ ಗೆರೆಗಳನ್ನು ತಿಂದುಹಾಕಿದ ಮೇಲೆ ಅದನ್ನು ರಿಪೇರಿ ಮಾಡಿಸುವುದು ಸುಲಭವಲ್ಲ.