ಪಾತ್ರದ ಬಾಯಿಂದ ನುಡಿಸುವ ಅಭ್ಯಾಸ

ಕಾವ್ಯದ ಪಾತ್ರವೊಂದರ ಗುಣಗಳನ್ನು ವಿವರಿಸೆಂದರೆ ವಿದ್ಯಾರ್ಥಿಯು ಶೂರ, ಛಲವಾದಿ, ಸ್ನೇಹಪರ ಎಂದು ವಿಶೇಷಣಗಳನ್ನು ಸಾಲಾಗಿ ಬರೆದು ಮುಗಿಸುತ್ತಾನೆ. ಅವುಗಳಲ್ಲಿ ಸುಳ್ಳಾವುದೂ ಇರದು; ಆದರೆ ಅಷ್ಟನ್ನು ಬರೆಯಲು ಕಾವ್ಯವನ್ನು ಓದಿರಬೇಕಾದುದೂ ಇಲ್ಲ. ಪ್ರಾಚೀನ ಗ್ರೀಕರ ಪಾಠಶಾಲೆಗಳಲ್ಲಿ ಬೇರೊಂದು ಕ್ರಮವಿದ್ದಿತು. ಪಾತ್ರವೇ ಮಾತನಾಡುವಂತೆ ವಿದ್ಯಾರ್ಥಿಯಿಂದ ಬರೆಯಿಸುತ್ತಿದ್ದರು. ಇದಕ್ಕೆ ಎಥೊಪೀಯವೆಂದು ಹೆಸರು. ಕ್ರಿ. ಶ. 4ನೆಯ ಶತಮಾನದ ಆಫ್ತೋನಿಯಸನು, ಮಕ್ಕಳನ್ನು ಕಳೆದುಕೊಂಡ ನಿಯೋಬೆ ಎಂಬ ರಾಣಿಯ ಪ್ರಲಾಪವನ್ನು ಇದಕ್ಕೆ ಮಾದರಿಯಾಗಿ ಬರೆದಿದ್ದಾನೆ. ಮಾತು ಮೂರು ಕಾಲಗಳಲ್ಲಿ ಹರಿಯಬೇಕೆಂಬುದು ಅವನ ಕಟ್ಟಳೆ: ಈಗಿನ ಸ್ಥಿತಿ, ಹಿಂದಿನದು, ಮುಂದೊದಗುವುದು.

ಈ ಕಟ್ಟಳೆಯು ರನ್ನನ ಗದಾಯುದ್ಧಕ್ಕೆ ಚೆನ್ನಾಗಿ ಹೊಂದುತ್ತದೆ. ಸಂಜಯನೊಡನೆ ರಣರಂಗದಲ್ಲಿ ನಡೆಯುವ ದುರ್ಯೋಧನನು ತನ್ನವರ ಕಳೇಬರಗಳ ಮುಂದೆ ಒಂದೊಂದಾಗಿ ನಿಲ್ಲುತ್ತಾನೆ. ಕರ್ಣನ ಕಳೇಬರದ ಮುಂದೆ ಅವನೇನು ನುಡಿದಾನೆಂಬುದನ್ನು, ಆ ಪದ್ಯಗಳನ್ನು ಓದಿಸುವ ಮೊದಲೇ, ಅರ್ಧ ಪುಟದಷ್ಟು ಗದ್ಯದಲ್ಲಿ ಬರೆಯಿಸಬೇಕು. ಗೆಳೆಯನನ್ನು ಕಳೆದುಕೊಂಡ ಅಳಲು ಸುಲಭವಾಗಿ ಬರುತ್ತದೆ. ಮುಂದಿನ ದಿಕ್ಕುಗೇಡೂ ಬರುತ್ತದೆ. ತೊಡಕಿರುವುದು ಹಿಂದಿನ ಕಾಲದಲ್ಲಿ. ವ್ಯಾಸಭಾರತದಲ್ಲಿ ಕರ್ಣನ ಜನ್ಮರಹಸ್ಯವು ಪಾಂಡವರಿಗೆ ತಿಳಿಯುವುದು ಯುದ್ಧವು ಮುಗಿದ ಮೇಲೆ. ರನ್ನನ ದುರ್ಯೋಧನನಾದರೋ, ಅದು ತನಗೆ ತಿಳಿದಿದ್ದಿತೆಂದು ತಾನೇ ಹೇಳುತ್ತಾನೆ. ಹಾಗಾದರೆ ತಮ್ಮಂದಿರ ಮೇಲೆ ಅಣ್ಣನನ್ನು ಕಾದಲು ಬಿಟ್ಟುದು ಬಲ್ಲವನೇ. ಅದು ಸ್ನೇಹವೋ, ಕಾರ್ಯಸಾಧನೆಯೋ, ಎರಡೂ ಬೆರೆತುದೋ? ಪದ್ಯವನ್ನು ಓದಿದೊಡನೆ ವಿದ್ಯಾರ್ಥಿಯ ಮೊದಲ ಬರಹವು ಬರಿದಾಗಿ ಕಾಣುತ್ತದೆ. ಅವನು ಮತ್ತೊಮ್ಮೆ ಬರೆಯಬೇಕಾಗುತ್ತದೆ. ಅಭ್ಯಾಸದ ಫಲವೆಲ್ಲ ಈ ಎರಡನೆಯ ಬರಹದಲ್ಲಿದೆ. ಒಂದೇ ಸಲ ಬರೆಯಿಸಿ ಅಂಕಗಳನ್ನು ಕೊಟ್ಟು ಬಿಟ್ಟರೆ ಅದು ವಿನೋದವಷ್ಟೆ.

ವೈರಿಯ ಮಗನಾದ ಅಭಿಮನ್ಯುವಿನ ಮುಂದೆ ನಿಂತು ಅಂಥ ಸಾವನ್ನೇ ತನಗೂ ಬಯಸುವ ಸಂದರ್ಭದಲ್ಲಿಯೂ ಇದೇ ಕ್ರಮವನ್ನು ಅನುಸರಿಸಬಹುದು. ಸಂಜಯನ ಬಾಯಿಂದ ನುಡಿಸುವುದು ಇನ್ನೂ ಕಠಿನ; ಅವನು ಎಲ್ಲವನ್ನೂ ಕಂಡವನು, ಅಂಧನೃಪನಿಗೆ ಹೇಳಬೇಕಾದವನು. ದುರ್ಯೋಧನನಿಂದ ದಿನಚರಿಯನ್ನು ಬರೆಯಿಸುವವರೂ ಉಂಟು. ಆ ಮಾನಧನನು ಹಾಗೆ ಕುಳಿತು ಬರೆಯುವವನಲ್ಲ.

ವಿದ್ಯಾರ್ಥಿಯು ತನ್ನ ಭಾವಗಳನ್ನೇ ಪಾತ್ರದ ಬಾಯಲ್ಲಿ ತುರುಕುವನೆಂಬ ಆಕ್ಷೇಪವು ನ್ಯಾಯವಾದುದೇ. ಅದಕ್ಕೆ ಉಪಾಧ್ಯಾಯನ ಕೈಯಲ್ಲಿ ಉಪಾಯವಿದೆ: ಬರಹದ ಯಾವುದಾದರೊಂದು ವಾಕ್ಯವನ್ನು ಎತ್ತಿಕೊಂಡು, ಈ ಹೊತ್ತಿಗೆ ಇದು ದುರ್ಯೋಧನನಿಗೆ ತಿಳಿದಿದ್ದಿತೇ, ತಿಳಿದಿದ್ದರೆ ಕಾವ್ಯದಲ್ಲಿ ಆಧಾರವೆಲ್ಲಿ, ಎಂದು ಕೇಳುವುದು.