ಮಲಪ್ರಭೆಯ ತೀರದಲ್ಲಿ ದಂಪತಿಗಳ ನಿಧಾನಯಾತ್ರೆ

ಪುಷ್ಯಮಾಸದ ಹುಣ್ಣಿಮೆ ಸಮೀಪಿಸಿತೆಂದರೆ, ಬಾದಾಮಿಯ ಸನಿಹದ ಬನಶಂಕರಿಯ ಜಾತ್ರೆಗೆ ಚಕ್ಕಡಿ ಹೂಡಿಕೊಂಡು ಹೊರಟು, ಬಯಲಿನಲ್ಲಿಯೇ ಬಿಡಾರ ಬಿಟ್ಟು, ಒಲೆ ಹೊತ್ತಿಸಿ ಉಂಡು, ಇರುಳೆಲ್ಲ ನಾಟಕ ಕಂಪನಿಯ ಆಟ ನೋಡಿ ನಲಿಯುವ ಗಂಡಹೆಂಡಿರು ಈ ಸೀಮೆಗೆ ಹೊಸಬರಲ್ಲ. ಅವಸರವನ್ನರಿಯದ ಆ ಪ್ರಯಾಣಕ್ರಮವೇ ಈ ನಾಡನ್ನು ಕಾಣಲು ಉಚಿತವಾದುದೆಂಬುದು ನನ್ನ ದೃಢವಾದ ನಂಬಿಕೆ.

ಬನಶಂಕರಿಯಲ್ಲಿ ಬುಟ್ಟಿ ಹೊತ್ತು ಬರುವ ತಾಯಂದಿರಿಂದ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಕೊಂಡು ಉಂಡು, ಮಹಾಕೂಟದ ಪುಷ್ಕರಿಣಿಯನ್ನು ಸಂದರ್ಶಿಸಿ, ಸಂಜೆಗೆ ಪಟ್ಟದಕಲ್ಲನ್ನು ಸೇರಬೇಕು. ಅಲ್ಲಿ ಮಲಪ್ರಭೆ ಉತ್ತರವಾಹಿನಿ. ಕಂಚಿಯ ಪಲ್ಲವರನ್ನು ಗೆದ್ದ ಪತಿ ಎರಡನೆಯ ವಿಕ್ರಮಾದಿತ್ಯನ ವಿಜಯದ ಸ್ಮರಣಾರ್ಥವಾಗಿ ರಾಣಿ ಲೋಕಮಹಾದೇವಿಯು ಎಂಟನೆಯ ಶತಮಾನದಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದಲ್ಲಿ, ಜೊತೆಯಾಗಿ ಬಂದವರು ಕಂಬಕಂಬದ ಮುಂದೆಯೂ ನಿಲ್ಲದೆ ಹೋಗುವುದುಂಟೆ! ಆ ಶಿಲ್ಪವೈಭವಕ್ಕೆ ಒಂದು ಹಗಲು ಸಾಲದು.

ಐಹೊಳೆಯ ಮೇಗುತಿ ದೇವಾಲಯದಲ್ಲಿ ಕವಿ ರವಿಕೀರ್ತಿಯ ಕ್ರಿ.ಶ. 634ರ ಶಾಸನವನ್ನು ಕಂಡು, ಮಲಪ್ರಭೆಯು ಕೃಷ್ಣೆಯನ್ನು ಕೂಡುವ ಕೂಡಲಸಂಗಮದಲ್ಲಿ ಒಂದಿರುಳು ತಂಗಿ, ಹುನಗುಂದವನ್ನು ಹಾದು ಇಳಕಲ್ಲಿಗೆ ಬರಬಹುದು. ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ರೇಷ್ಮೆಯೆಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಬೆಸೆಯುವ ನೇಕಾರರ ಕೌಶಲವನ್ನು ಮಗ್ಗದ ಪಕ್ಕದಲ್ಲಿಯೇ ಕುಳಿತು ನೋಡಿರಿ. ಕೊಳ್ಳುವ ಸೀರೆಯ ಬಣ್ಣವನ್ನು ಮಾತ್ರ ಮಡದಿಯೇ ಆರಿಸಲಿ.