ಮಂಡಿ ನೋವು: ವಿಶ್ರಾಂತಿಗಿಂತ ವ್ಯಾಯಾಮವೇ ಮದ್ದು

ನಿಮ್ಮ ಮೊಹಲ್ಲಾದ ಮಸೀದಿಯಲ್ಲಿ ಎಷ್ಟು ಕುರ್ಚಿಗಳಿವೆ ಎಂದು ಒಮ್ಮೆ ಎಣಿಸಿ ನೋಡಿ. ಹಿಂದೆ ಒಂದೆರಡು ಇದ್ದಲ್ಲಿ ಈಗ ಸಾಲಿನ ಎರಡೂ ತುದಿಗಳಲ್ಲಿ ಕುರ್ಚಿಗಳೇ. ಮನೆಗಳಲ್ಲೂ ಅಷ್ಟೇ. ಐವತ್ತು ದಾಟುವಷ್ಟರಲ್ಲಿ ಅಮ್ಮಿ ಜಾನಮಾಝ್ ಬಿಟ್ಟು ಕುರ್ಚಿಗೆ ಬಂದಿರುತ್ತಾರೆ. ನಿಲ್ಲಲು, ಬಾಗಲು ಆಗದವರಿಗೆ ಕುಳಿತು ನಮಾಝ್ ಮಾಡುವ ವಿನಾಯಿತಿ ಇದೆ. ಅದರ ವಿವರ ಹೇಳಬೇಕಾದವರು ಉಲಮಾಗಳು. ವೈದ್ಯನಾಗಿ ನನ್ನ ಪ್ರಶ್ನೆ ಬೇರೆ: ಕುರ್ಚಿಗೆ ಬಂದ ಮೇಲೆ ಆ ಮಂಡಿಗೆ ನೀವು ಏನು ಮಾಡಿದಿರಿ?

ದವಾಖಾನೆಯಲ್ಲಿ ನನಗೆ ಸಿಗುವ ಉತ್ತರ ಹೆಚ್ಚಾಗಿ ಒಂದೇ: "ಮಾತ್ರೆ ತಗೊಂಡೆ, ಎಣ್ಣೆ ಹಚ್ಚಿದೆ, ನಡೆಯೋದು ಕಡಿಮೆ ಮಾಡಿದೆ." ಇದರಲ್ಲಿ ಮಂಡಿಯನ್ನು ನಿಜವಾಗಿ ಕೆಡಿಸುವುದು ಆ ಮೂರನೆಯದು.

ಕೂತಷ್ಟೂ ಬಿಗಿಯುವ ಮಂಡಿ

ವಯಸ್ಸಾದವರ ಮಂಡಿ ನೋವಿಗೆ ಸಾಮಾನ್ಯ ಕಾರಣ ಕೀಲಿನ ಸವೆತ, ಅಂದರೆ ಆಸ್ಟಿಯೋ ಆರ್ಥ್ರೈಟಿಸ್. ಮೂಳೆಗಳ ತುದಿಗೆ ಹೊದಿಕೆಯಂತಿರುವ ಮೃದ್ವಸ್ಥಿ ತೆಳುವಾಗುತ್ತದೆ. ಈ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಕೀಲಿನೊಳಗಿನ ದ್ರವದಿಂದಲೇ ಅದಕ್ಕೆ ಪೋಷಣೆ ಸಿಗಬೇಕು. ಮಂಡಿ ಮಡಚಿ, ಚಾಚಿ, ಭಾರ ಹೊತ್ತು ಬಿಟ್ಟಾಗ ಆ ದ್ರವ ಒಳಗೆ ಹೊರಗೆ ಹರಿಯುತ್ತದೆ. ಕದಲದ ಕೀಲಿಗೆ ಆಹಾರ ಕಡಿಮೆ.

ಇನ್ನೊಂದು ವಿಷಯ ತೊಡೆಯ ಮುಂಭಾಗದ ಸ್ನಾಯು. ನಾವು ಏಳುವಾಗ, ಮೆಟ್ಟಿಲು ಇಳಿಯುವಾಗ ಮಂಡಿಯ ಮೇಲೆ ಬೀಳುವ ಹೊಡೆತವನ್ನು ತಡೆಯುವುದು ಇದೇ. ನೋವಿಗೆ ಹೆದರಿ ಕೂತರೆ ಕೆಲವೇ ವಾರಗಳಲ್ಲಿ ಈ ಸ್ನಾಯು ಸೊರಗುತ್ತದೆ. ಆಗ ಹೊಡೆತವೆಲ್ಲ ನೇರ ಕೀಲಿಗೆ. ನೋವು ಹೆಚ್ಚುತ್ತದೆ, ನಡಿಗೆ ಇನ್ನೂ ಕಡಿಮೆಯಾಗುತ್ತದೆ, ತೂಕ ಏರುತ್ತದೆ. ಈ ಸುತ್ತನ್ನು ಮುರಿಯುವುದೇ ಚಿಕಿತ್ಸೆ.

ಬೀಡಿ ಕಟ್ಟುವ, ಹೊಲಿಗೆ ಯಂತ್ರದ ಮುಂದೆ ದಿನವಿಡೀ ಕೂರುವ ಸಹೋದರಿಯರಿಗೆ ಈ ತೊಂದರೆ ಬೇಗ ಬರುತ್ತದೆ. ಅರ್ಧ ಗಂಟೆಗೊಮ್ಮೆ ಎದ್ದು ಮನೆಯೊಳಗೆ ಒಂದು ಸುತ್ತು ನಡೆದು ಬಂದರೂ ಬಿಗಿತ ಕಡಿಮೆಯಾಗುತ್ತದೆ.

ಯುನಾನಿ ಏನು ಹೇಳುತ್ತದೆ?

ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳನ್ನು ಯುನಾನಿ ಪಟ್ಟಿ ಮಾಡುತ್ತದೆ. ಅದರಲ್ಲಿ ದೇಹದ ಚಲನೆ ಮತ್ತು ವಿಶ್ರಾಂತಿಯೂ ಒಂದು. ಇಬ್ನ್ ಸೀನಾ (980-1037) ತಮ್ಮ 'ಅಲ್ ಕಾನೂನ್' ಗ್ರಂಥದ ಮೊದಲ ಭಾಗದಲ್ಲೇ ವ್ಯಾಯಾಮ ಮತ್ತು ಮಾಲೀಶಿನ ಬಗ್ಗೆ ವಿವರವಾಗಿ ಬರೆದಿದ್ದಾರೆ. ಔಷಧಿಯಿಲ್ಲದ ಈ ಚಿಕಿತ್ಸೆಗಳಿಗೆ ಇಲಾಜ್ ಬಿತ್ತದ್ಬೀರ್ ಎಂದು ಹೆಸರು. ರಿಯಾಝತ್ ಅಂದರೆ ವ್ಯಾಯಾಮ, ದಲಕ್ ಅಂದರೆ ಮಾಲೀಶು, ತಕ್ಮೀದ್ ಅಂದರೆ ಕಾವು ಕೊಡುವುದು, ಹಿಜಾಮಾ ಎಲ್ಲವೂ ಇದರಲ್ಲಿ ಸೇರುತ್ತವೆ. ಆದರೆ ನಮ್ಮ ಜನ ಹಿಜಾಮಾ ಕೇಳಿಕೊಂಡು ಬರುತ್ತಾರೆ, ರಿಯಾಝತ್ ಕೇಳಿಕೊಂಡು ಬರುವವರು ಕಡಿಮೆ.

ನೇರವಾಗಿ ಹೇಳುತ್ತೇನೆ. ಹಿಜಾಮಾದಿಂದ ಕೆಲವರಿಗೆ ನೋವು ಸ್ವಲ್ಪ ದಿನ ಕಡಿಮೆಯಾಗಬಹುದು, ಆದರೆ ಸ್ನಾಯುವಿಗೆ ಬಲ ಬರುವುದಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ರಕ್ತಹೀನತೆ ಇರುವವರು ವೈದ್ಯರನ್ನು ಕೇಳದೆ ಮಾಡಿಸಬಾರದು. ಒಬ್ಬರಿಗೆ ಬಳಸಿದ ಬ್ಲೇಡು, ಕಪ್ಪು ಇನ್ನೊಬ್ಬರಿಗೆ ಬಳಸುವಲ್ಲಿ ಕೂರಲೇಬೇಡಿ.

ಮನೆಯಲ್ಲಿ ಮಾಡುವ ಐದು ವ್ಯಾಯಾಮಗಳು

ಮೊದಲು ಹದಿನೈದು ನಿಮಿಷ ಕಾವು ಕೊಡಿ. ಗೋಧಿ ತೌಡು ಅಥವಾ ಉಪ್ಪನ್ನು ಬಿಸಿ ಮಾಡಿ ಬಟ್ಟೆಯಲ್ಲಿ ಗಂಟು ಕಟ್ಟಿದರೆ ಸಾಕು. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರಿಗೆ ಸುಟ್ಟದ್ದೂ ತಿಳಿಯದು. ಮನೆಯ ಇನ್ನೊಬ್ಬರು ತಮ್ಮ ಕೈಗೆ ಇಟ್ಟು ಬಿಸಿ ನೋಡಲಿ. ಮಂಡಿ ಊದಿ ಬಿಸಿಯಾಗಿದ್ದರೆ ಕಾವು ಬೇಡ. ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು ನಿಮಿಷ ಸಾಕು. ನಂತರ ಎಳ್ಳೆಣ್ಣೆಯೋ ರೋಗನ್ ಬಾಬೂನಾವೋ ಹಚ್ಚಿ ತೊಡೆಯನ್ನೂ ಮಂಡಿಯ ಸುತ್ತಲೂ ಹಗುರವಾಗಿ ಉಜ್ಜಿ. ಮಂಡಿಚಿಪ್ಪನ್ನು ಅದುಮಬೇಡಿ.

1. ಹಾಸಿಗೆಯ ಮೇಲೆ ಕಾಲು ಚಾಚಿ ಕುಳಿತು, ಮಂಡಿಯಡಿ ಸುತ್ತಿದ ಟವೆಲ್ ಇಡಿ. ಮಂಡಿಯಿಂದ ಟವೆಲನ್ನು ಕೆಳಗೆ ಒತ್ತಿ, 5 ಸೆಕೆಂಡು ಹಿಡಿದು ಬಿಡಿ.

2. ಅಂಗಾತ ಮಲಗಿ ಒಂದು ಕಾಲು ಮಡಚಿ. ಇನ್ನೊಂದನ್ನು ನೇರವಾಗಿಯೇ ಒಂದು ಅಡಿಯಷ್ಟು ಎತ್ತಿ, 5 ಸೆಕೆಂಡು ಹಿಡಿದು ನಿಧಾನಕ್ಕೆ ಇಳಿಸಿ.

3. ಮಲಗಿದಲ್ಲೇ ಹಿಮ್ಮಡಿಯನ್ನು ಜಾರಿಸುತ್ತಾ ಆದಷ್ಟು ಪೃಷ್ಠದ ಕಡೆಗೆ ತನ್ನಿ, ಮತ್ತೆ ಚಾಚಿ. ಮಡಚಲು ಆಗದ ಮಂಡಿಗೆ ಇದು ಮುಖ್ಯ.

4. ಕುರ್ಚಿಯಲ್ಲಿ ಕುಳಿತು ಒಂದು ಕಾಲನ್ನು ಮುಂದಕ್ಕೆ ನೇರ ಚಾಚಿ, 5 ಸೆಕೆಂಡು ಹಿಡಿದು ಇಳಿಸಿ.

5. ಕುರ್ಚಿಯನ್ನು ಗೋಡೆಗೆ ಒತ್ತಿಟ್ಟು, ಕೂತು ಎದ್ದು ಮಾಡಿ. ಮೊದಲು ಕೈ ಊರಿ, ಬಲ ಬಂದ ಮೇಲೆ ಕೈ ಊರದೆ.

ಒಂದೊಂದನ್ನೂ 10 ಬಾರಿ, ದಿನಕ್ಕೆ ಎರಡು ಸಲ ಮಾಡಿ. ಐದನೆಯದನ್ನು ಮಾತ್ರ 5 ಬಾರಿಯಿಂದ ಆರಂಭಿಸಿ. ಫಜ್ರ್ ಮತ್ತು ಇಶಾ ನಂತರ ಎಂದು ಇಟ್ಟುಕೊಂಡರೆ ಮರೆಯುವುದಿಲ್ಲ.

ಮಾಡುವಾಗ ಸ್ವಲ್ಪ ನೋವಾದರೆ ಹೆದರಬೇಡಿ. ಮರುದಿನ ಬೆಳಿಗ್ಗೆಯೂ ನೋವು ಹೆಚ್ಚೇ ಇದ್ದರೆ ಅಥವಾ ಊತ ಬಂದರೆ, ನಿಲ್ಲಿಸುವ ಬದಲು ಎಣಿಕೆಯನ್ನು ಅರ್ಧಕ್ಕೆ ಇಳಿಸಿ. ಫಲ ಕಾಣಲು 6ರಿಂದ 12 ವಾರ ಬೇಕು. ಹತ್ತು ದಿನ ಮಾಡಿ "ಏನೂ ಆಗಲಿಲ್ಲ" ಎಂದು ಬಿಡುವವರೇ ಹೆಚ್ಚು.

ತೂಕ ಹೆಚ್ಚಿದ್ದರೆ ಅದನ್ನೂ ಇಳಿಸಬೇಕು. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಒತ್ತಡ ಸುಮಾರು ನಾಲ್ಕು ಕಿಲೋದಷ್ಟು ತಗ್ಗುತ್ತದೆ.

ನೆಲಕ್ಕೆ ಮರಳುವುದು ಹೇಗೆ?

ಒಮ್ಮೆಲೇ ಸುಜೂದ್‌ಗೆ ಇಳಿಯಲು ಹೋಗಬೇಡಿ. ಬಲ ಬಂದಂತೆ ಎತ್ತರದ ಕುರ್ಚಿಯಿಂದ ತಗ್ಗಿನ ಸ್ಟೂಲಿಗೆ, ಅಲ್ಲಿಂದ ದಪ್ಪ ಹಾಸಿನ ಮೇಲೆ ನೆಲಕ್ಕೆ, ವಾರಗಟ್ಟಲೆ ಸಮಯ ತೆಗೆದುಕೊಂಡು ಅಭ್ಯಾಸ ಮಾಡಿ. ನೆಲದಿಂದ ಏಳುವಾಗ ಪಕ್ಕದಲ್ಲಿ ಗಟ್ಟಿ ಕುರ್ಚಿ ಇರಲಿ. ನೋವು ಕಡಿಮೆ ಇರುವ ಕಾಲನ್ನು ಮುಂದೆ ಊರಿ, ಕುರ್ಚಿ ಹಿಡಿದು ಏಳಿ. ಸವೆತ ತೀವ್ರವಾಗಿರುವವರಲ್ಲಿ ಎಲ್ಲರೂ ನೆಲಕ್ಕೆ ಮರಳಲಾರರು. ಹಾಗಿದ್ದಲ್ಲಿ ಹಠ ಬೇಡ. ನೋವಿಲ್ಲದೆ ಮಸೀದಿವರೆಗೆ ನಡೆದು ಹೋಗುವಂತಾದರೂ ಅದು ದೊಡ್ಡ ಲಾಭ.

ಇವುಗಳಿಂದ ದೂರವಿರಿ

ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ನೋವಿನ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರಬಹುದು, ಕಿಡ್ನಿ ಕೆಡಬಹುದು. ಬಿಪಿ, ಸಕ್ಕರೆ ಕಾಯಿಲೆ ಇರುವವರಿಗೆ ಅಪಾಯ ಇನ್ನೂ ಹೆಚ್ಚು. ಲೇಬಲ್ ಇಲ್ಲದ ಪುಡಿ, ಗುಳಿಗೆಗಳನ್ನು "ಯುನಾನಿ" ಎಂದು ಹೇಳಿ ಕೊಟ್ಟರೂ ಮುಟ್ಟಬೇಡಿ. ಎರಡೇ ದಿನದಲ್ಲಿ ನೋವು ಮಾಯ ಮಾಡುವ ಇಂತಹ ಪುಡಿಗಳಲ್ಲಿ ಸ್ಟೆರಾಯ್ಡ್ ಬೆರೆತಿರುವುದುಂಟು. ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ.

ಯಾವಾಗ ವೈದ್ಯರ ಬಳಿಗೆ?

ಜ್ವರದ ಜೊತೆ ಮಂಡಿ ಕೆಂಪಾಗಿ ಊದಿದರೆ, ಬಿದ್ದ ಮೇಲೆ ಕಾಲೂರಲು ಆಗದಿದ್ದರೆ, ಒಂದೇ ಕಾಲಿನ ಮೀನಖಂಡ ಇದ್ದಕ್ಕಿದ್ದಂತೆ ಊದಿ ನೋಯುತ್ತಿದ್ದರೆ ಅಂದೇ ಆಸ್ಪತ್ರೆಗೆ ಹೋಗಿ. ಊದಿದ ಮೀನಖಂಡಕ್ಕೆ ಮಾಲೀಶು ಮಾಡಲೇಬಾರದು, ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಬೆಳಿಗ್ಗೆ ಒಂದು ಗಂಟೆಗೂ ಮೀರಿ ಹಲವು ಕೀಲುಗಳು ಬಿಗಿಯಾಗಿದ್ದರೆ ಅದು ಬೇರೆ ವಾತರೋಗವಿರಬಹುದು, ಪರೀಕ್ಷೆ ಮಾಡಿಸಿ.

ಉಳಿದವರು ಒಮ್ಮೆಯಾದರೂ ಫಿಸಿಯೋಥೆರಪಿಸ್ಟರನ್ನು ಕಾಣುವುದು ಒಳ್ಳೆಯದು. ಅನೇಕ ಸರಕಾರಿ ಆಸ್ಪತ್ರೆಗಳಲ್ಲಿ ಈ ವಿಭಾಗವಿದೆ. ಬೆಂಗಳೂರಿನ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯಲ್ಲಿ ಇಲಾಜ್ ಬಿತ್ತದ್ಬೀರ್‌ಗೆ ಪ್ರತ್ಯೇಕ ವಿಭಾಗವೇ ಇದೆ. ಬರೀ ಯಂತ್ರದ ಕೆಳಗೆ ಮಲಗಿಸಿ ಕಳುಹಿಸಿದರೆ, "ನಾನು ಮನೆಯಲ್ಲಿ ಮಾಡುವ ವ್ಯಾಯಾಮ ಹೇಳಿಕೊಡಿ" ಎಂದು ಕೇಳಿ. ಪರದೆಯ ಸಂಕೋಚದಿಂದ ಹೋಗದೆ ಉಳಿಯುವ ಸಹೋದರಿಯರು ಮಹಿಳಾ ಥೆರಪಿಸ್ಟರನ್ನು ಕೇಳಬಹುದು. ಸಡಿಲವಾದ ಸಲ್ವಾರ್ ಧರಿಸಿಯೇ ಇವೆಲ್ಲವನ್ನೂ ಮಾಡಬಹುದು.

ಕೊನೆಯದಾಗಿ ಮಕ್ಕಳಿಗೆ, ಸೊಸೆಯಂದಿರಿಗೆ ಒಂದು ಮಾತು. "ನೀವು ಏಳಬೇಡಿ ಅಮ್ಮಿ, ಏನು ಬೇಕೋ ನಾವು ತಂದುಕೊಡ್ತೇವೆ" ಎನ್ನುವುದು ಪ್ರೀತಿಯೇ. ಆದರೆ ಅದೇ ಪ್ರೀತಿ ಅವರನ್ನು ಮಂಚಕ್ಕೆ ಕಟ್ಟಿಹಾಕುತ್ತದೆ. ನೀರಿನ ಲೋಟ ಅವರೇ ಎದ್ದು ತರಲಿ, ಗಿಡಕ್ಕೆ ನೀರು ಅವರೇ ಹಾಕಲಿ. ಇಶಾ ನಂತರ ಮೊಮ್ಮಗುವನ್ನು ಪಕ್ಕದಲ್ಲಿ ಕೂರಿಸಿ ವ್ಯಾಯಾಮದ ಎಣಿಕೆ ಹೇಳಿಸಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿ. ಹನ್ನೆರಡು ವಾರ ತಪ್ಪದೆ ಮಾಡಿ. ಶಿಫಾ ನೀಡುವವನು ಅಲ್ಲಾಹನು, ಪ್ರಯತ್ನ ನಮ್ಮದು.